ನೀರಿಗೂ ಹೆಪ್ಪು ಬೇಕು

ಸಾಗರದಲ್ಲಿ, ನಮ್ಮ ವಾಚನಾಲಯದಲ್ಲಿ, ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಕೇಳಿದವರಲ್ಲಿ ಕೆಲವರು ಬರೆದುಕೊಡಿ ಎಂದರು. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಹೆಪ್ಪುಗಟ್ಟಿದ ಜಲಪಾತ ನೋಡಿ ಬಂದಿದ್ದೀರಲ್ಲ, ಅದರ ಬಗ್ಗೆ ಮಾತಾಡಿ ಎಂದು ಕರೆದಿರಿ. ಸಂತೋಷ. ಆದರೆ ನಾನು ಮೊಸರಿನಿಂದ ಶುರು ಮಾಡಬೇಕು. ಯಾಕೆ ಅಂತ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಕಳೆದ ಚಳಿಗಾಲ ನಾನು ಮಗಳ ಮನೆಯಲ್ಲಿದ್ದೆ. ಡಿಸೆಂಬರ್ ಕೊನೆಗೆ ಹೋಗಿ ಮಾರ್ಚ್‌ನಲ್ಲಿ ಬಂದೆ. ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಅವರ ಊರು. ಅದು ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಂದರೆ ಭೂಮಧ್ಯರೇಖೆಗೂ ಉತ್ತರ ಧ್ರುವಕ್ಕೂ ಹೆಚ್ಚುಕಡಿಮೆ ನಟ್ಟನಡುವೆ. ನಮ್ಮ ಸಾಗರ ಇರುವುದು 14 ಡಿಗ್ರಿಯಲ್ಲಿ. ಅಲ್ಲಿ ಹತ್ತಿರದಲ್ಲಿ ಸಮುದ್ರ ಇಲ್ಲ. ಉತ್ತರದ ಗಾಳಿ ತಡೆಯುವ ಬೆಟ್ಟಸಾಲೂ ಇಲ್ಲ. ಕೆನಡಾ ಕಡೆಯ ಚಳಿ ನೇರವಾಗಿ ಬಂದು ಮನೆಬಾಗಿಲಿಗೆ ಬಡಿಯುತ್ತದೆ. ಜನವರಿಯ ಮಾಮೂಲಿ ರಾತ್ರಿಯಲ್ಲೇ ಉಷ್ಣತೆ ಸೊನ್ನೆಗಿಂತ 13 ಡಿಗ್ರಿ ಕೆಳಗೆ ಇಳಿದಿರುತ್ತದೆ. ಜೋರು ಚಳಿಯ ದಿನ ಇನ್ನೂ ಕೆಳಗೆ.

ಹೋದ ಹೊಸದರಲ್ಲಿ ಒಂದು ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಇಲ್ಲಿಯ ಅಭ್ಯಾಸದಂತೆ ಅಡುಗೆಕಟ್ಟೆಯ ಮೇಲೆ ಇಟ್ಟು ಮಲಗಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. "ಅಮ್ಮ, ಇಲ್ಲಿ ಹಾಗೆ ಇಟ್ಟರೆ ಆಗಲ್ಲ. ಓವನ್ ಒಳಗಿಟ್ಟು ಲೈಟ್ ಹಾಕಿಡಬೇಕು" ಎಂದಳು ಮಗಳು. ಓವನ್ ಉರಿಸುವುದಲ್ಲ. ಒಳಗಿನ ಪುಟ್ಟ ಬಲ್ಬಿನ ಬಿಸಿಯೇ ಸಾಕು. ಅಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಮೊಸರು ಆಗುವುದು ಹೀಗೇ.

ಅದೇ ಬೆಳಿಗ್ಗೆ ನಾವು ಜಲಪಾತಕ್ಕೆ ಹೊರಟಿದ್ದೆವು. ಹತ್ತು ವರ್ಷದ ಮೊಮ್ಮಗಳು ಪಾತ್ರೆಯೊಳಗೆ ಇಣುಕಿ ನೋಡಿ ಕೇಳಿದಳು: "ಅಮ್ಮಮ್ಮ, ಹಾಲು ಚಳಿಗೆ ಹೆಪ್ಪಾಗಲಿಲ್ಲ. ನೀರು ಚಳಿಗೇ ಹೆಪ್ಪಾಗತ್ತೆ. ಎರಡಕ್ಕೂ ಹೆಪ್ಪು ಅಂತಾನೇ ಯಾಕೆ ಹೇಳ್ತೀಯ?"

ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವತ್ತು ನಾನು ನೋಡಿದ್ದೆಲ್ಲ ಈ ಪ್ರಶ್ನೆಯ ಜೊತೆಗೇ ನೋಡಿದೆ.

ಮೈಗೆ ಅಂಟುವ ಉಣ್ಣೆಯ ಒಳಬಟ್ಟೆ, ಅದರ ಮೇಲೆ ಸ್ವೆಟರ್, ಅದರ ಮೇಲೆ ದಪ್ಪ ಕೋಟು. ಎರಡು ಜೊತೆ ಕಾಲುಚೀಲ. ಸೀರೆ ಉಟ್ಟು ಹೋಗುವ ಮಾತೇ ಇಲ್ಲ. ಹೊರಗೆ ಸೊನ್ನೆಗಿಂತ 22 ಡಿಗ್ರಿ ಕೆಳಗಿತ್ತು. ಬಾಗಿಲು ತೆರೆದು ಮೊದಲ ಉಸಿರು ಎಳೆದಾಗ ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಚುಚ್ಚಿತು. ಕಣ್ಣಲ್ಲಿ ಬಂದ ನೀರು ರೆಪ್ಪೆಯ ಮೇಲೆ ಮುತ್ತಾಗಿ ನಿಂತಿತು. ಇದು ಹೆದರಿಸಲು ಹೇಳುತ್ತಿರುವುದಲ್ಲ. ಸರಿಯಾಗಿ ಬಟ್ಟೆ ಹಾಕಿಕೊಂಡರೆ ಅರ್ಧ ಗಂಟೆ ಹಾಯಾಗಿ ನಡೆದಾಡಬಹುದು. ಗಾಳಿ ಇಲ್ಲದಿದ್ದರೆ ಸಾಕು. ಗಾಳಿ ಬೀಸಿದರೆ ಮಾತ್ರ ಮುಖ ತೆರೆದು ನಿಲ್ಲುವುದು ಅಪಾಯ. ಚರ್ಮವೇ ಹೆಪ್ಪುಗಟ್ಟುತ್ತದೆ.

ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು 7:50ರ ಹೊತ್ತಿಗೆ. ನಾವು ಕಾರಿನಿಂದ ಇಳಿದಾಗ ಬಿಸಿಲು ಈಗಷ್ಟೇ ಬಿದ್ದಿತ್ತು. ಸೂರ್ಯನ ಎಡಕ್ಕೊಂದು ಬಲಕ್ಕೊಂದು ಸಣ್ಣ ಬೆಳಕಿನ ತುಂಡು, ಕಾಮನಬಿಲ್ಲಿನ ಚೂರಿನಂತೆ. ಮೂರು ಸೂರ್ಯ ಒಟ್ಟಿಗೆ ಬಂದ ಹಾಗೆ. ಗಾಳಿಯಲ್ಲಿ ಆರು ಮೂಲೆಯ ಪುಟ್ಟ ಹಿಮದ ಬಿಲ್ಲೆಗಳು ತೇಲುತ್ತಿರುತ್ತವೆ. ಅವು ಬೆಳಕನ್ನು 22 ಡಿಗ್ರಿ ಬಾಗಿಸುವುದರಿಂದ ಹೀಗೆ ಕಾಣುತ್ತದೆ. ಅಲ್ಲಿ ಇದನ್ನು ಸನ್ ಡಾಗ್ ಎನ್ನುತ್ತಾರೆ. ಪಾಠದಲ್ಲಿ ಬೆಳಕಿನ ವಕ್ರೀಭವನ ಅಂತ ಎಷ್ಟು ಸಲ ಹೇಳಿದ್ದೆ! ಅವತ್ತು ಅದು ಆಕಾಶದಲ್ಲಿತ್ತು.

ಹಿಮದ ಮೇಲೆ ಕಾಲಿಟ್ಟರೆ ಕಿರ್ರ್ ಕಿರ್ರ್ ಅಂತ ಸದ್ದು, ಹೊಸ ಚರ್ಮದ ಚಪ್ಪಲಿಯ ಹಾಗೆ. ಚಳಿ ಕಡಿಮೆ ಇದ್ದಾಗ ಹಿಮ ಹೀಗೆ ಸದ್ದು ಮಾಡುವುದಿಲ್ಲ, ಮೆತ್ತಗೆ ಜಾರುತ್ತದೆ. ಚಳಿ ಜಾಸ್ತಿಯಾದಾಗ ಹರಳುಗಳು ಒಣಗಿದಂತಾಗಿ ಒಂದಕ್ಕೊಂದು ತಿಕ್ಕಿ ಮುರಿಯುತ್ತವೆ. "ಕೇಳಿದ್ರೇ ಎಷ್ಟು ಚಳಿ ಅಂತ ಗೊತ್ತಾಗತ್ತೆ ಅತ್ತೆ" ಎಂದರು ಅಳಿಯ.

ಜಲಪಾತದ ಹೆಸರು ಮಿನಿಹಾಹಾ. ಊರ ನಡುವಿನ ಪಾರ್ಕಿನಲ್ಲೇ ಇದೆ. ಎತ್ತರ 53 ಅಡಿ, ಅಂದರೆ ಸುಮಾರು 16 ಮೀಟರ್. ನಮ್ಮ ಜೋಗ 253 ಮೀಟರ್. ಎತ್ತರದಲ್ಲಿ ಸುಮಾರು ಹದಿನಾರರಲ್ಲೊಂದು ಪಾಲು, ಅಷ್ಟೇ. ಜೋಗದ ಪಕ್ಕದವಳು ಇದನ್ನು ನೋಡಲು ಚಳಿಯಲ್ಲಿ ಯಾಕೆ ಹೋಗಬೇಕು ಅಂತ ನನಗೂ ಅನಿಸಿತ್ತು. ಕಟಕಟೆಯ ಹತ್ತಿರ ಹೋಗಿ ನಿಂತ ಮೇಲೆ ಆ ಯೋಚನೆ ಉಳಿಯಲಿಲ್ಲ.

ಏನಿತ್ತು ಅಂತ ಹೇಳುತ್ತೇನೆ. ಕುದುರೆ ಲಾಳದಂತೆ ಬಾಗಿದ ಬಂಡೆಯ ಅಂಚು. ಆ ಅಂಚಿನಿಂದ ಕೆಳಗಿನವರೆಗೆ ಕಂಬಗಳು. ಕೆಲವು ನನ್ನ ತೋಳಿನಷ್ಟು, ಕೆಲವು ದೊಡ್ಡ ಹಲಸಿನ ಮರದ ಬುಡದಷ್ಟು. ಒಂದರ ಮೇಲೊಂದು ಮೇಣ ಇಳಿದಂತೆ ಪದರ ಪದರ. ನಡುವೆ ಪರದೆಯಂತೆ ತೆಳ್ಳಗಿನ ಹಾಳೆಗಳು. ಕೆಳಗೆ ದೊಡ್ಡ ದೊಡ್ಡ ಗುಡ್ಡೆ, ಹುತ್ತದ ಹಾಗೆ. ಕೆಲವು ಕಡೆ ಮೇಲಿನ ಕೋಲು ಕೆಳಗಿನ ಹುತ್ತವನ್ನು ಮುಟ್ಟಲು ಒಂದು ಗೇಣು ಬಾಕಿ. ಬಣ್ಣವೂ ಒಂದೇ ಅಲ್ಲ. ಅಂಚಿನಲ್ಲಿ ಹಾಲುಬಿಳಿ, ದಪ್ಪಗಿದ್ದ ಕಡೆ ನೀಲಿ, ಅಲ್ಲಲ್ಲಿ ಜೇನುತುಪ್ಪದ ಹಳದಿ.

ಯಾವುದೂ ಅಲ್ಲಾಡುತ್ತಿರಲಿಲ್ಲ. ಜಲಪಾತದ ಎದುರು ನಿಂತು ಏನೂ ಅಲ್ಲಾಡದೆ ಇರುವುದನ್ನು ನಾನು ಮೊದಲು ಕಂಡಿರಲಿಲ್ಲ. ಮಳೆಗಾಲದಲ್ಲಿ ಜೋಗಕ್ಕೆ ಹೋದರೆ ಎಷ್ಟೋ ಸಲ ಏನೂ ಕಾಣುವುದಿಲ್ಲ ಅಲ್ವಾ? ಮಂಜು ತುಂಬಿರುತ್ತದೆ. ಬರೀ ಸದ್ದು ಕೇಳಿಕೊಂಡು ನಿಲ್ಲುತ್ತೇವೆ. ಇಲ್ಲಿ ಪೂರ್ತಿ ಕಾಣುತ್ತಿತ್ತು, ಸದ್ದೇ ಇರಲಿಲ್ಲ.

ಹಾಗಂತ ಅಂದುಕೊಂಡೆ. ಆಗ ಅಳಿಯ, "ಟೊಪ್ಪಿ ಸ್ವಲ್ಪ ಸರಿಸಿ, ಉಸಿರು ಹಿಡಿದು ಕೇಳಿ" ಎಂದರು. ಕಿವಿ ಹೊರಗೆ ಹಾಕಿದೆ. ಚಳಿ ಸೂಜಿಯಂತೆ ತಾಗಿತು. ಆಮೇಲೆ ಕೇಳಿಸಿತು. ತುಂಬಾ ಒಳಗಿಂದ, ಗೋಡೆಯಾಚೆಯ ಬಚ್ಚಲಲ್ಲಿ ಯಾರೋ ನೀರು ಬಿಟ್ಟಂತೆ, ಗುಳುಗುಳು ಗುಳುಗುಳು. ಜಲಪಾತ ನಿಂತಿರಲಿಲ್ಲ. ತಾನೇ ಕಟ್ಟಿಕೊಂಡ ಕೊಳವೆಯೊಳಗೆ ಬೀಳುತ್ತಿತ್ತು.

ನಾನು ಮೊಮ್ಮಗಳ ಕಿವಿಯ ಟೊಪ್ಪಿಯನ್ನೂ ಸರಿಸಿದೆ. ಅವಳ ಮುಖ ನೋಡಬೇಕಿತ್ತು ನೀವು.

ಈಗ ಅವಳ ಪ್ರಶ್ನೆಗೆ ಬರೋಣ. ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಅಂತ ಪುಸ್ತಕದಲ್ಲಿದೆ. ನಾನೂ ಹಾಗೇ ಬರೆಸಿದ್ದೇನೆ. ಅದು ಪೂರ್ತಿ ನಿಜ ಅಲ್ಲ. ಮಂಜುಗಡ್ಡೆ 0 ಡಿಗ್ರಿಗೆ ಕರಗುತ್ತದೆ, ಅದು ನಿಜ. ಆದರೆ ನೀರು ಗಟ್ಟಿಯಾಗಲು ಬರೀ ಚಳಿ ಸಾಲದು. ನೀರಿನ ಕಣಗಳು ಸುಮ್ನೆ ಅತ್ತಿತ್ತ ಓಡಾಡುತ್ತಿರುತ್ತವೆ. ಅವು ಸಾಲಾಗಿ, ಆರು ಮೂಲೆಯ ಕಟ್ಟಿನಲ್ಲಿ ನಿಲ್ಲಬೇಕು. ನಿಲ್ಲಲು ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಒಂದು ಆಧಾರ ಬೇಕು. ಒಂದು ಧೂಳಿನ ಕಣ, ಬಂಡೆಯ ಒಂದು ಮೂಲೆ, ಏನಾದರೂ. ಅದು ಸಿಗದಿದ್ದರೆ ನೀರು ಸೊನ್ನೆಗಿಂತ ಕೆಳಗೂ ನೀರಾಗಿಯೇ ಇರುತ್ತದೆ. ಮೋಡದೊಳಗಿನ ಅತಿ ಸಣ್ಣ ಶುದ್ಧ ಹನಿಗಳು ಸೊನ್ನೆಗಿಂತ ಸುಮಾರು 38 ಡಿಗ್ರಿ ಕೆಳಗಿನವರೆಗೂ ಗಟ್ಟಿಯಾಗದೆ ಉಳಿಯಬಲ್ಲವು.

ಅಂದರೆ ನೀರಿಗೂ ಹೆಪ್ಪು ಬೇಕು. ನಮ್ಮ ಭಾಷೆ ಇದನ್ನು ಮೊದಲೇ ಹೇಳಿಬಿಟ್ಟಿದೆ. ಹೆಪ್ಪುಗಟ್ಟುವುದು ಎಂದು ದಿನಾ ಹೇಳುತ್ತೇವೆ. ಆ ಮಾತಿನೊಳಗೆ ಹೆಪ್ಪು ಇದೆ ಎಂಬುದನ್ನು ನಾನು ಗಮನಿಸಿರಲೇ ಇಲ್ಲ.

ಇನ್ನೂ ಚಂದದ ವಿಷಯ ಇದೆ. ಎಲೆಗಳ ಮೇಲೆ ವಾಸ ಮಾಡುವ ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಇದೆ. ಅದರ ಮೈಮೇಲಿನ ಒಂದು ಪ್ರೋಟೀನು ನೀರಿನ ಕಣಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ ಹೋದರೆ ಸಾಕು, ನೀರು ಗಟ್ಟಿಯಾಗುತ್ತದೆ. ಹಿಮದಲ್ಲಿ ಜಾರುವ ಆಟದ ಮೈದಾನಗಳಿಗೆ ಯಂತ್ರದಿಂದ ಹಿಮ ಮಾಡುವಾಗ ಇದನ್ನು ಕೊಂದು ಒಣಗಿಸಿದ ಪುಡಿಯನ್ನು ನೀರಿಗೆ ಬೆರೆಸುವುದುಂಟು. ಹಾಲಿಗೆ ಹೆಪ್ಪು ಕೊಡುವುದೂ ಬ್ಯಾಕ್ಟೀರಿಯಾ. ಕೆಲಸ ಮಾತ್ರ ಬೇರೆ. ಮೊಸರಿನದು ಬದುಕಿರಬೇಕು, ಹಾಲಿನ ಸಕ್ಕರೆ ತಿಂದು ಹುಳಿ ಮಾಡಬೇಕು. ಅದಕ್ಕೆ ಬೆಚ್ಚಗಿನ ಜಾಗ ಬೇಕು. ನೀರಿನದಕ್ಕೆ ಬದುಕಿರುವ ಅಗತ್ಯವೂ ಇಲ್ಲ.

ಮತ್ತೆ ಮೊಸರಿಗೆ ಎಲ್ಲಕ್ಕಿಂತ ಒಳ್ಳೆಯ ಹೆಪ್ಪು ಯಾವುದು? ನಿನ್ನೆಯ ಮೊಸರು. ಮಂಜುಗಡ್ಡೆಗೂ ಹಾಗೇ. ಈಗಾಗಲೇ ಇರುವ ಮಂಜುಗಡ್ಡೆಗಿಂತ ಒಳ್ಳೆಯ ಹೆಪ್ಪು ಇಲ್ಲ. ಜಲಪಾತ ಬೆಳೆಯುವುದು ಹೀಗೆ. ಮೊದಲು ಎರಡು ಪಕ್ಕದ ಬಂಡೆಗೆ ಸಿಡಿದ ತುಂತುರು ಗಟ್ಟಿಯಾಗುತ್ತದೆ. ಬಂಡೆ ತಣ್ಣಗಾಗಿರುತ್ತದೆ, ಹನಿ ಸಣ್ಣದು, ಹಾಗಾಗಿ ಬೇಗ ಆಗುತ್ತದೆ. ಅದರ ಮೇಲೆ ಮಾರನೆಯ ಹನಿ. ರಾತ್ರಿ ಒಂದು ಪದರ, ಮರುರಾತ್ರಿ ಇನ್ನೊಂದು. ಅಂಚಿನಿಂದ ತೊಟ್ಟಿಕ್ಕುವ ನೀರು ಕೋಲಾಗಿ ಇಳಿಯುತ್ತದೆ. ಕೋಲಿನ ತುದಿಯಲ್ಲಿ ಯಾವಾಗಲೂ ಒಂದು ಹನಿ ನೇತಾಡುತ್ತಿರುತ್ತದೆ. ಆ ಹನಿಯ ಅಂಚು ಗಟ್ಟಿಯಾಗುತ್ತದೆ, ನಡುವೆ ನೀರು ಉಳಿಯುತ್ತದೆ. ಹಾಗಾಗಿ ಬೆಳೆಯುವ ಕೋಲಿನ ತುದಿ ಒಳಗೆ ಟೊಳ್ಳು. ಕೆಳಗೆ ಬಿದ್ದ ಹನಿಯೂ ಸುಮ್ನೆ ಇರುವುದಿಲ್ಲ, ಹುತ್ತ ಕಟ್ಟುತ್ತದೆ. ಒಂದು ದಿನ ಎರಡೂ ಕೂಡುತ್ತವೆ. ಕೊನೆಗೆ ನಡುವಿನ ಧಾರೆಯೂ ಗೂಡಿನೊಳಗೆ ಸೇರುತ್ತದೆ.

ಇದಕ್ಕೆ ನೀರು ಕಡಿಮೆ ಇರಬೇಕು ಎಂಬುದು ನನಗೆ ಹೊಸ ವಿಷಯ. ನೀರು ಜೋರಾಗಿದ್ದರೆ ಕೋಲು ಬೆಳೆಯುವುದಿಲ್ಲ. ಬಂದ ನೀರು ತಣ್ಣಗಾಗುವ ಮೊದಲೇ ಜಾರಿಹೋಗುತ್ತದೆ. ಮಿನಿಹಾಹಾ ತೊರೆ ಹುಟ್ಟುವುದು ಮಿನೆಟೊಂಕಾ ಎಂಬ ದೊಡ್ಡ ಕೆರೆಯಲ್ಲಿ. ಅಲ್ಲಿಂದ 22 ಮೈಲಿ ಹರಿದು ಮಿಸಿಸಿಪಿ ನದಿ ಸೇರುತ್ತದೆ. ಚಳಿಗಾಲದಲ್ಲಿ ತೊರೆ ಸಣಕಲು. ಆದರೆ ಪೂರ್ತಿ ಸಾಯುವುದಿಲ್ಲ. ನೆಲದೊಳಗಿಂದ ಒಸರುವ ನೀರು ಹೊರಗಿನ ಗಾಳಿಗಿಂತ ಎಷ್ಟೋ ಬೆಚ್ಚಗಿರುತ್ತದೆ. ನಮ್ಮ ಬಾವಿಯ ನೀರು ಚಳಿಗಾಲದ ಬೆಳಿಗ್ಗೆ ಬೆಚ್ಚಗೆ ಇರುವುದಿಲ್ಲವೇ? ಅದೇ ಲೆಕ್ಕ.

ಶಾಖದ ಮಾತನ್ನೂ ಹೇಳಲೇಬೇಕು. ನೀರು ಗಟ್ಟಿಯಾಗುವಾಗ ಶಾಖ ಹೊರಗೆ ಬಿಡುತ್ತದೆ. ಎಷ್ಟು ಅಂದರೆ, 0 ಡಿಗ್ರಿಯ ಒಂದು ಬಕೆಟ್ ನೀರು ಗಟ್ಟಿಯಾಗುವಾಗ ಬಿಡುವ ಶಾಖ, ಅಷ್ಟೇ ನೀರನ್ನು 0ಯಿಂದ 80 ಡಿಗ್ರಿಗೆ ಕಾಯಿಸಲು ಸಾಕು. ಸ್ನಾನಕ್ಕೆ ಮುಟ್ಟಲಾರದಷ್ಟು ಬಿಸಿ ಅದು. 15 ಲೀಟರ್ ಬಕೆಟ್ ಆದರೆ ಸುಮಾರು 1.4 ಯೂನಿಟ್ ಕರೆಂಟಿಗೆ ಸಮ. ನನ್ನ ಎದುರಿದ್ದ ಆ ಗೋಡೆಯಲ್ಲಿ ಎಷ್ಟು ಸಾವಿರ ಬಕೆಟ್ ನೀರಿತ್ತೋ! ಅಷ್ಟೂ ಶಾಖವನ್ನು ಗಾಳಿಗೆ ಕೊಟ್ಟ ಮೇಲೆಯೇ ಅದು ಗೋಡೆಯಾದದ್ದು. ಅದಕ್ಕೇ ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ವಾರಗಟ್ಟಲೆ ಚಳಿ ಬೇಕು. ಫ್ಲಾರಿಡಾದ ಕಿತ್ತಳೆ ತೋಟದವರು ಕೊರೆಯುವ ಚಳಿಯ ರಾತ್ರಿ ಗಿಡಕ್ಕೆ ನೀರು ಚಿಮುಕಿಸುತ್ತಾರೆ. ಆ ನೀರು ಗಟ್ಟಿಯಾಗುತ್ತ ಬಿಡುವ ಶಾಖ ಗಿಡವನ್ನು ಕಾಪಾಡುತ್ತದೆ. ಮಂಜುಗಡ್ಡೆ ಹೊದ್ದು ಬೆಚ್ಚಗಿರುವುದು ಅಂದರೆ ಇದು. ಒಮ್ಮೆ ಗೋಡೆ ಆದ ಮೇಲೆ ಅದೇ ಒಳಗಿನ ನೀರಿಗೂ ಕಂಬಳಿ.

ಬಣ್ಣದ ಮಾತು ಬೇಗ ಮುಗಿಸುತ್ತೇನೆ. ಮಂಜುಗಡ್ಡೆ ಬೆಳಕಿನ ಕೆಂಪನ್ನು ಸ್ವಲ್ಪ ಸ್ವಲ್ಪ ನುಂಗುತ್ತದೆ. ದಪ್ಪ ಜಾಸ್ತಿಯಾದಷ್ಟೂ ಹೆಚ್ಚು ನುಂಗುತ್ತದೆ, ಉಳಿಯುವುದು ನೀಲಿ. ಒಳಗೆ ಗಾಳಿಗುಳ್ಳೆ ತುಂಬಿದ್ದರೆ ಬೆಳಕು ಚದುರಿ ಬಿಳಿ. ಹಳದಿ ಬರುವುದು ಮಣ್ಣಿನಿಂದ, ಕೊಳೆತ ಎಲೆಯ ರಸದಿಂದ, ಬಂಡೆಯ ಖನಿಜದಿಂದ.

ಕೋಲುಗಳ ಮೇಲೆ ಬಳೆ ತೊಡಿಸಿದಂತೆ ಉಬ್ಬುಗಳಿದ್ದವು. ಒಂದರಿಂದ ಒಂದಕ್ಕೆ ಬೆರಳಿನಷ್ಟು ಅಂತರ. ಜಗತ್ತಿನ ಯಾವ ಮೂಲೆಯ ಕೋಲು ನೋಡಿದರೂ ಈ ಅಂತರ ಸುಮಾರು ಒಂದು ಸೆಂಟಿಮೀಟರ್. ಟೊರೊಂಟೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಕೋಲುಗಳನ್ನು ಬೆಳೆಸಿ ನೋಡಿದರು. ಶುದ್ಧ ನೀರಿನ ಕೋಲು ನುಣುಪಾಗಿ ಬಂತು. ಚೂರು ಉಪ್ಪು ಬೆರೆಸಿದರೆ ಉಬ್ಬು ಬಂತು. ಆ ಬಳೆಗಳು ಬರಬೇಕಾದರೆ ನೀರಿನಲ್ಲಿ ಏನಾದರೂ ಕರಗಿರಲೇಬೇಕು. ಈ ವಿಷಯ ತಿಳಿದ ಮೇಲೆ ನಾನು ಮನೆಯ ಸೂರಿನಿಂದ ಇಳಿದ ಕೋಲುಗಳನ್ನು ದಿನಾ ಮುಟ್ಟಿ ನೋಡುತ್ತಿದ್ದೆ.

ಜಲಪಾತದ ಹಿಂದೆ ಗುಹೆಯಂಥ ಜಾಗ ಇದೆ. ಗೋಡೆಗೂ ಬಂಡೆಗೂ ನಡುವೆ. ನೀಲಿ ಬೆಳಕು ತುಂಬಿರುತ್ತದೆ, ಫೋಟೋಗಳು ತುಂಬಾ ಓಡಾಡುತ್ತವೆ. ಆದರೆ ಚಳಿಗಾಲದಲ್ಲಿ ಕೆಳಗಿಳಿಯುವ ಮೆಟ್ಟಿಲು ಮುಚ್ಚಿರುತ್ತಾರೆ, ಬೋರ್ಡೂ ಹಾಕಿರುತ್ತಾರೆ. ಆದರೂ ಕೆಲವರು ದಾಟಿ ಇಳಿಯುತ್ತಾರೆ. ಅವತ್ತೂ ನಾಲ್ಕು ಜನ ಕೆಳಗಿದ್ದರು. ಮೊಮ್ಮಗಳು ಹಟ ಹಿಡಿದಳು. ನಾನು ಬಿಡಲಿಲ್ಲ. ಒಂದು ಕೋಲು ಎಷ್ಟು ಭಾರ ಇರುತ್ತದೆ ಯೋಚಿಸಿ. ಒಂದು ಘನ ಮೀಟರ್ ಮಂಜುಗಡ್ಡೆ 900 ಕಿಲೋಗಿಂತ ಜಾಸ್ತಿ. ಅದು ಬೀಳುವ ಮೊದಲು ಹೇಳಿ ಬೀಳುವುದಿಲ್ಲ. ನಮ್ಮಲ್ಲೂ ಮಳೆಗಾಲದಲ್ಲಿ ಪಾಚಿ ಬಂಡೆಯ ಮೇಲೆ ನಿಂತು ಫೋಟೋ ತೆಗೆಯಲು ಹೋಗಿ ಮಕ್ಕಳು ಜೀವ ಕಳೆದುಕೊಳ್ಳುತ್ತಾರೆ. ಇಲ್ಲಿ ಕೂತ ಹುಡುಗರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಮೇಲೆ ನಿಂತು ಕೇಳಿದರೂ ನೀರು ಸಿಗುತ್ತದೆ.

ಆ ಗುಹೆ ಯಾಕಿದೆ ಗೊತ್ತಾ? ಮೇಲಿನ ಪದರ ಸುಣ್ಣದಕಲ್ಲು, ಗಟ್ಟಿ. ಅದರಡಿ ಜೇಡಿಗಲ್ಲಿನ ತೆಳು ಪದರ, ಅದರಡಿ ಮರಳುಗಲ್ಲು. ಆ ಮರಳುಗಲ್ಲು ಉಗುರಲ್ಲಿ ಗೀರಿದರೆ ಪುಡಿಯಾಗುವಷ್ಟು ಮೆತ್ತಗೆ. ಕೆಳಗಿನದು ಸವೆದು ಹೋಗುತ್ತದೆ, ಮೇಲಿನದು ಚಾಚಿ ನಿಲ್ಲುತ್ತದೆ. ನೀರು ಗಟ್ಟಿಯಾದರೆ ಸುಮಾರು 9 ಶೇಕಡಾ ಹಿಗ್ಗುತ್ತದೆ. ಸುಣ್ಣದಕಲ್ಲಿನ ಬಿರುಕಿಗೆ ಇಳಿದ ನೀರು ಪ್ರತಿ ಚಳಿಗಾಲ ಬೆಣೆ ಹೊಡೆದಂತೆ ಬಿರುಕನ್ನು ಅಗಲಿಸುತ್ತದೆ. ಒಂದು ದಿನ ಚಾಚಿದ ಬಂಡೆ ಮುರಿದು ಬೀಳುತ್ತದೆ. ಜಲಪಾತ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಸುಮಾರು 10,000 ವರ್ಷದ ಹಿಂದೆ ಈ ಜಲಪಾತ ಇದ್ದದ್ದು ಮಿಸಿಸಿಪಿಯ ದಂಡೆಯಲ್ಲೇ. ಅಲ್ಲಿಂದ ಹೆಜ್ಜೆ ಹೆಜ್ಜೆ ಹಿಂದೆ ನಡೆದು ಇಲ್ಲಿಗೆ ಬಂದಿದೆ. ಅಲ್ಲಾಡದೆ ನಿಂತಂತೆ ಕಂಡ ಗೋಡೆ ಬಂಡೆಯನ್ನು ಒಡೆಯುತ್ತಿತ್ತು.

ಹೆಸರಿನ ಮಾತು ಬಾಕಿ ಇದೆ. ಅಲ್ಲಿನ ಮೂಲನಿವಾಸಿಗಳು ಡಕೋಟಾ ಜನ. ಅವರ ಮಾತಿನಲ್ಲಿ ಮ್ನಿ ಅಂದರೆ ನೀರು. ಮಿನೆಸೋಟ, ಮಿನೆಟೊಂಕಾ, ಮಿನಿಯಾಪೊಲಿಸ್, ಎಲ್ಲದರಲ್ಲೂ ಆ ನೀರಿದೆ. ಮಿನಿಹಾಹಾ ಅಂದರೆ ನಗುವ ನೀರು ಅಂತ ಬಹಳ ಜನ ಹೇಳುತ್ತಾರೆ. 1855ರಲ್ಲಿ ಬಂದ ಒಂದು ಇಂಗ್ಲಿಷ್ ಕಾವ್ಯದಿಂದ ಅದು ಪ್ರಸಿದ್ಧವಾಯಿತು. ಆ ಕವಿ ಈ ಜಲಪಾತವನ್ನು ನೋಡಿರಲೇ ಇಲ್ಲ. ಡಕೋಟಾ ಮಾತಿನಲ್ಲಿ ಅದರ ಅರ್ಥ ಸುರುಳಿಯಾಗಿ ಬೀಳುವ ನೀರು, ಅಂದರೆ ಜಲಪಾತ ಅಂತಲೇ. ಮಿನಿಹಾಹಾ ಫಾಲ್ಸ್ ಅಂದರೆ ಜಲಪಾತ ಜಲಪಾತ ಎಂದ ಹಾಗೆ. ಮಡಿಕೇರಿಯ ಅಬ್ಬಿ ಫಾಲ್ಸ್ ಕೂಡ ಹಾಗೇ ತಾನೆ? ಅಬ್ಬಿ ಅಂದರೇ ಜಲಪಾತ. ಊರಿನವರ ಹೆಸರನ್ನು ಹೊರಗಿನವರು ಅರ್ಥ ಕೇಳದೆ ಎತ್ತಿಕೊಂಡಾಗ ಹೀಗಾಗುತ್ತದೆ.

ಆ ಜನ ಎಲ್ಲಿ ಹೋದರು ಎಂದು ನಾನು ಅಳಿಯನನ್ನು ಕೇಳಿದೆ. ಅವರು ಪಾರ್ಕಿನಾಚೆ ಕೈ ತೋರಿಸಿದರು. ಕೆಲವೇ ಕಿಲೋಮೀಟರ್ ಆಚೆ ಫೋರ್ಟ್ ಸ್ನೆಲಿಂಗ್ ಎಂಬ ಹಳೆಯ ಕೋಟೆ. 1862ರಲ್ಲಿ ಡಕೋಟಾ ಜನರಿಗೂ ಅಮೆರಿಕ ಸರ್ಕಾರಕ್ಕೂ ಯುದ್ಧವಾಯಿತು. ಆ ಡಿಸೆಂಬರ್ 26ರಂದು ಮಂಕೇಟೊ ಎಂಬ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಸುಮಾರು 1,600 ಜನರನ್ನು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ಕೋಟೆಯ ಕೆಳಗೆ ನದಿಯಂಚಿನಲ್ಲಿ ಬೇಲಿ ಹಾಕಿ ಕೂಡಿದರು. ಚಳಿಗಾಲ ಪೂರ್ತಿ. ನೂರಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಉಳಿದವರನ್ನು ಮರುವರ್ಷ ದೋಣಿಗಳಲ್ಲಿ ತುಂಬಿ ರಾಜ್ಯದಿಂದಲೇ ಆಚೆ ಕಳಿಸಿದರು. ನಾನು ಅಷ್ಟು ಬಟ್ಟೆ ತೊಟ್ಟು ಅರ್ಧ ಗಂಟೆ ನಿಂತ ಚಳಿ ಅದು. ಕೈಗವಸಿನೊಳಗೆ ನನ್ನ ಬೆರಳು ಆಗಲೇ ಜೋಮು ಹಿಡಿದಿದ್ದವು. ಆ ಮಕ್ಕಳನ್ನು ನೆನೆದು ನನಗೆ ಮಾತು ಬರಲಿಲ್ಲ.

ಇನ್ನೊಂದು ಸಂಗತಿ. 1964ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಈ ಜಲಪಾತ ನೋಡಲು ಬಂದರು. ಆ ವರ್ಷ ಬರಗಾಲ, ತೊರೆ ಒಣಗಿತ್ತು. ನಗರದವರು ಮೇಲ್ಗಡೆ ಬೆಂಕಿ ಆರಿಸುವ ನೀರಿನ ನಲ್ಲಿಗಳನ್ನು ತೆರೆದು ತೊರೆಗೆ ಬಿಟ್ಟರು. ಅಧ್ಯಕ್ಷರ ಮುಂದೆ ನೀರು ಬಿತ್ತು. ಅದೇ 1964ರಲ್ಲಿ ನಮ್ಮ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆಮೇಲೆ ಜೋಗದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಅಣೆಕಟ್ಟಿನ ಬಾಗಿಲಿನ ಮರ್ಜಿಗೆ ಬಿದ್ದವು. ಇಲ್ಲಿ ಕೂತವರಲ್ಲಿ ಮುಳುಗಡೆಯಿಂದ ಎದ್ದು ಬಂದ ಮನೆಯವರು ಇದ್ದೀರಿ. ನಿಮಗೆ ನಾನು ಹೇಳುವುದೇನಿದೆ. ಏಪ್ರಿಲ್‌ನಲ್ಲಿ ಜೋಗಕ್ಕೆ ಹೋಗಿ ಕಪ್ಪು ಬಂಡೆ ನೋಡಿ ಬರುವಾಗ ನನಗೆ ಪ್ರತಿ ಸಲ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಅಲ್ಲಿ ಚಳಿ ನಿಲ್ಲಿಸಿದ ಜಲಪಾತದೊಳಗೆ ಕಿವಿಗೊಟ್ಟರೆ ನೀರು ಕೇಳಿತು. ಬೇಸಿಗೆಯ ಜೋಗದಲ್ಲಿ ಕಿವಿಗೊಟ್ಟರೆ ಗಾಳಿ ಕೇಳುತ್ತದೆ. ಕರೆಂಟು ಬೇಡ ಅಂತ ನಾನು ಹೇಳುತ್ತಿಲ್ಲ. ಈ ಫ್ಯಾನ್ ಕೂಡ ಅದರಿಂದಲೇ ತಿರುಗುತ್ತಿದೆ. ನೋಡಿದಾಗ ಆಗುವ ಸಂಕಟವನ್ನು ಹೇಳುತ್ತಿದ್ದೇನೆ ಅಷ್ಟೇ.

ಮನೆಗೆ ಬಂದ ಮೇಲೆ ಮೊಮ್ಮಗಳಿಗೆ ಒಂದು ಪ್ರಯೋಗ ಮಾಡಿ ತೋರಿಸಿದೆ. ನೀವೂ ಮಾಡಬಹುದು. ಅಂಗಡಿಯಲ್ಲಿ ಸಿಗುವ ಶುದ್ಧ ನೀರಿನ ಬಾಟಲಿ, ಸೀಲು ಒಡೆಯದೇ ಇರುವುದು. ಫ್ರೀಜರ್‌ನಲ್ಲಿ ಅಲ್ಲಾಡದಂತೆ ಮಲಗಿಸಿ ಎರಡು, ಎರಡೂವರೆ ಗಂಟೆ ಇಡಬೇಕು. ಮೂರು ಬಾಟಲಿ ಇಟ್ಟೆವು. ಎರಡು ಕಲ್ಲಾಗಿದ್ದವು. ಒಂದು ಮಾತ್ರ ನೀರಾಗಿಯೇ ಇತ್ತು. ಮೆಲ್ಲಗೆ ತೆಗೆದು, ಮೆಲ್ಲಗೆ ಮುಚ್ಚಳ ಬಿಚ್ಚಿ, ತಟ್ಟೆಯಲ್ಲಿಟ್ಟ ಒಂದು ಐಸ್ ತುಂಡಿನ ಮೇಲೆ ಸಣ್ಣ ಧಾರೆಯಾಗಿ ಸುರಿದೆ. ನೀರು ತುಂಡನ್ನು ಮುಟ್ಟಿದ ಕೂಡಲೇ ಗಟ್ಟಿಯಾಯಿತು. ಸುರಿದಷ್ಟೂ ಕಂಬ ಮೇಲೆ ಮೇಲೆ ಎದ್ದಿತು. ಕೆಳಗಿಂದ ಮೇಲಕ್ಕೆ ಬೆಳೆಯುವ ಜಲಪಾತ.

"ಐಸೇ ಹೆಪ್ಪು!" ಎಂದು ಕೂಗಿದಳು. ನಾನು ಏನೂ ಹೇಳಿರಲಿಲ್ಲ.

ಅವತ್ತು ರಾತ್ರಿ ಹಾಲಿಗೆ ಹೆಪ್ಪು ಹಾಕಿದ್ದು ಅವಳೇ. ಓವನ್ನಿನ ಲೈಟ್ ಹಾಕಿ, ಮಲಗುವ ಮುಂಚೆ ಎರಡು ಸಲ ಹೋಗಿ ನೋಡಿದಳು.

ನಾನು ಮಾತು ಮುಗಿಸಿದಾಗ ಹಿಂದೆ ಕೂತಿದ್ದ ಒಬ್ಬ ಹುಡುಗಿ ಕೇಳಿದಳು: "ಅದು ಕರಗುವಾಗ ಹೇಗಿರುತ್ತದೆ?" ಅದನ್ನು ನಾನು ನೋಡಿಲ್ಲ, ಅಷ್ಟರಲ್ಲಿ ಊರಿಗೆ ಬಂದಿದ್ದೆ. ಆದರೆ ಮಾರ್ಚ್ ಕೊನೆಗೆ ಮೊಮ್ಮಗಳು ಫೋನ್ ಮಾಡಿದ್ದಳು. ಶಾಲೆಯಿಂದ ಬರುತ್ತ ಅಪ್ಪನ ಜೊತೆ ಹೋಗಿ ನೋಡಿಕೊಂಡು ಬಂದಿದ್ದಳು. "ಅಮ್ಮಮ್ಮ, ಎಡಗಡೆಯ ದೊಡ್ಡ ಕಂಬ ಬಿದ್ದುಹೋಗಿದೆ. ನಡುವೆ ನೀರು ಕಾಣ್ತಾ ಇದೆ. ಕಿವಿ ಟೊಪ್ಪಿ ತೆಗೀಬೇಕಾಗೇ ಇಲ್ಲ, ಹಾಗೇ ಕೇಳತ್ತೆ" ಎಂದಳು. ಆಮೇಲೆ, "ಜೋಗ ಹೇಗಿದೆ?" ಎಂದು ಕೇಳಿದಳು.

ಈಗ ನೀರಿಲ್ಲ ಪುಟ್ಟಿ, ರಜೆ ಸಿಕ್ಕಿದ ಕೂಡಲೇ ಬಾ, ಜುಲೈನಲ್ಲಿ ಹೋಗೋಣ ಎಂದೆ.